ಜುಮ್ಮಾ ಮಸೀದಿಯ ನೆಲದ ಮೇಲೆ ಒಂದು ಸಂಜೆ

ವಿಜಯಪುರಕ್ಕೆ ಮೊದಲ ಸಲ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ದೊಡ್ಡ ಹೂವಿನ ಹಾರ ಇತ್ತು. ಆಫೀಸಿನ ಗೆಳೆಯನ ತಂದೆ ತೀರಿಕೊಂಡಿದ್ದರು. ಬೆಳಿಗ್ಗೆ ಏಳಕ್ಕೆ ಮೆಸೇಜ್ ಬಂತು. ನಾವು ಮೂವರು ಸಹೋದ್ಯೋಗಿಗಳು ರಜೆ ಹಾಕಿ, ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು, ಮರುದಿನ ಅವನ ಮನೆ ಮುಂದೆ ಆಟೋ ಇಳಿದರೆ ಅಲ್ಲಿ ಎಲ್ಲ ಮುಗಿದುಹೋಗಿತ್ತು. ಹಿಂದಿನ ದಿನ ಮಧ್ಯಾಹ್ನದ ನಮಾಜ್ ಆದ ಕೂಡಲೇ ಮಣ್ಣು ಮಾಡಿದ್ದರು. ಹಾರ ಹಾಕೋಣ ಅಂತ ಫೋಟೋ ಹುಡುಕಿದೆ. ಫೋಟೋನೂ ಇರಲಿಲ್ಲ. ಗೆಳೆಯ ನನ್ನ ಕೈಯಿಂದ ಆ ಹಾರ ತಗೊಂಡು ಮೆಲ್ಲಗೆ ಒಳಗಿಟ್ಟು ಬಂದ. ಒಂದು ಮಾತೂ ಆಡಲಿಲ್ಲ.

ನಾಲ್ಕು ವರ್ಷ ಒಂದೇ ಟೇಬಲ್‌ನಲ್ಲಿ ಊಟ ಮಾಡಿದ್ದೇವೆ. ಅವನ ಅಮ್ಮ ಮಾಡುವ ಶೇಂಗಾ ಚಟ್ನಿಯ ಖಾರ ಗೊತ್ತು, ಹೈಕ್ ಎಷ್ಟು ಸಿಕ್ಕಿತು ಅಂತ ಗೊತ್ತು. ಅವನ ಮನೆಯಲ್ಲಿ ಸಾವಾದರೆ ಎಷ್ಟು ಬೇಗ ಹೊರಡಬೇಕು ಅಂತ ಗೊತ್ತಿರಲಿಲ್ಲ. ಬಸ್ಸೋ ಕಾರೋ ಹಿಡಿದು ಆಗಲೇ ಹೊರಟಿದ್ದರೂ ಐನೂರು ಕಿಲೋಮೀಟರ್ ಮೀರಿದ ದಾರಿ, ಬಹುಶಃ ಮುಟ್ಟುತ್ತಿರಲಿಲ್ಲ. ಆದರೂ ಮನಸ್ಸಿಗೆ ಚುಚ್ಚಿದ್ದು ಅದಲ್ಲ, ಕೇಳಲೇ ಇಲ್ಲವಲ್ಲ ಅನ್ನುವುದು.

ಹಾಗಾಗಿ ಈ ಸಲ ಅವನು ಊರಿಗೆ ಹೊರಟಾಗ ನಾನೂ ಹೊರಟೆ. "ಗೋಲಗುಂಬಜ್ ನೋಡಾಕ ಬಂದೀಯೇನು?" ಅಂದ. "ಅದನ್ನೂ ನೋಡ್ತೀನಿ. ಆದರೆ ನನಗೆ ಮೊದಲಿಂದ ಹೇಳಿಕೊಡು" ಅಂದೆ. ನಕ್ಕ. "ಹಂಗಾದ್ರ ಜುಮ್ಮಾ ಮಸೀದಿಗೆ ಹೋಗೂಣು."

1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್ ಶಾ ಕಟ್ಟಿಸಲು ಶುರುಮಾಡಿದ ಮಸೀದಿ ಇದು. ಪೂರ್ತಿಯಾಗಲೇ ಇಲ್ಲ. ಎದುರಿನ ಎರಡು ಮಿನಾರುಗಳು ಏಳಲಿಲ್ಲ. ನನಗೇನೋ ಹೀಗೇ ಚೆಂದ ಅನಿಸಿತು. ಚಪ್ಪಲಿ ಬಿಟ್ಟು ಒಳಗೆ ಬಂದರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ದೊಡ್ಡ ಗುಮ್ಮಟದ ಕೆಳಗೆ ತಂಪು. ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು, ಅದೇ ಮಿಹ್ರಾಬ್. ಮೆಕ್ಕಾದ ಕಾಬಾ ಇರುವ ದಿಕ್ಕು ಅದು. ನಮ್ಮೂರುಗಳಿಂದ ಮೆಕ್ಕಾ ಪಶ್ಚಿಮಕ್ಕಿದೆ, ಹಾಗಾಗಿ ನಮಾಜ್ ಅತ್ತ ಮುಖ ಮಾಡಿ. ಇಸ್ತಾಂಬುಲ್‌ನಲ್ಲಿ ನಿಂತವರು ದಕ್ಷಿಣಕ್ಕೆ ತಿರುಗುತ್ತಾರೆ. ಗೋಡೆಗೆ ಪೂಜೆಯಲ್ಲ, ಎಲ್ಲರಿಗೂ ಒಂದೇ ಗುರಿ ಇರಲಿ ಅಂತ ಅಷ್ಟೇ. ಈ ಮಿಹ್ರಾಬಿಗೆ ಮುಹಮ್ಮದ್ ಆದಿಲ್ ಶಾ 1636ರಲ್ಲಿ ಚಿನ್ನದ ಬಣ್ಣದ ಚಿತ್ತಾರ ಮಾಡಿಸಿದ. ಹೂದಾನಿ, ಬಳ್ಳಿ, ಪುಸ್ತಕಗಳ ಗೂಡು, ಅರಬ್ಬಿ ಬರಹ. ಮನುಷ್ಯರ ಚಿತ್ರ, ಮೂರ್ತಿ ಒಂದೂ ಇಲ್ಲ.

"ಇಲ್ಲಿಂದನ ಶುರು ಮಾಡೂಣು" ಅಂದ ಗೆಳೆಯ. ದೇವರು ಒಬ್ಬನೇ, ಅವನಿಗೆ ಆಕಾರವಿಲ್ಲ, ಸರಿಸಾಟಿಯಿಲ್ಲ, ಮಕ್ಕಳಿಲ್ಲ. ಮುಹಮ್ಮದರು ಅವನ ಪ್ರವಾದಿ, ಪೂಜೆಗೆ ಒಳಗಾಗುವವರಲ್ಲ. ಈ ಎರಡು ಮಾತನ್ನು ಮನಸಾರೆ ಒಪ್ಪಿ ಹೇಳುವುದೇ ಶಹಾದತ್, ಮುಸ್ಲಿಮನಾಗುವ ಬಾಗಿಲು. ಪ್ರವಾದಿಗಳು ಒಬ್ಬರೇ ಅಲ್ಲ ಅನ್ನುವುದು ನನಗೆ ಹೊಸದು. ಇಬ್ರಾಹಿಂ, ಮೂಸಾ, ಈಸಾ ಎಲ್ಲರೂ ಆ ಸಾಲಿನವರು. ಈಸಾ ಅಂದರೆ ಏಸು. ಅವರ ತಾಯಿ ಮರ್ಯಮರ ಹೆಸರಿನ ಅಧ್ಯಾಯವೇ ಕುರಾನಿನಲ್ಲಿದೆ. ಒಟ್ಟು ಅಧ್ಯಾಯ 114. ಸುಮಾರು 23 ವರ್ಷಗಳ ಕಾಲ ಮುಹಮ್ಮದರಿಗೆ ಇಳಿದ ದೇವವಾಣಿ ಅದು ಎಂಬುದು ನಂಬಿಕೆ. ದೇವದೂತರು, ಸತ್ತ ಮೇಲಿನ ವಿಚಾರಣೆ, ಎಲ್ಲವೂ ದೇವರ ಅರಿವಿನಲ್ಲೇ ನಡೆಯುತ್ತದೆ ಅನ್ನುವುದು, ಇವೂ ನಂಬಿಕೆಯ ಭಾಗ.

ಮಾತಾಡುತ್ತಾ ನೆಲ ತೋರಿಸಿದ. ಇಡೀ ಪ್ರಾರ್ಥನಾ ಮಂಟಪದ ಗಾರೆ ನೆಲದ ಮೇಲೆ ಆಯತಗಳ ಗೆರೆ. ಒಂದೊಂದೂ ಒಂದು ಜಾಯ್‌ನಮಾಜಿನಷ್ಟು, ಅಂದರೆ ಒಬ್ಬರು ನಿಂತು, ಬಾಗಿ, ಹಣೆ ನೆಲಕ್ಕಿಡುವಷ್ಟು ಜಾಗ. ಒಟ್ಟು 2,250 ಅಂತ ಹೇಳುತ್ತಾರೆ. 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ಇಲ್ಲಿದ್ದ ಬೆಲೆಬಾಳುವ ರತ್ನಗಂಬಳಿಗಳನ್ನು ಒಯ್ದು, ಅವುಗಳ ಬದಲಿಗೆ ಈ ಗೆರೆ ಹಾಕಿಸಿದ ಅನ್ನುವುದು ಊರಿನ ಕಥೆ. ಕಥೆ ನಿಜವಿರಲಿ ಬಿಡಲಿ, ನಾನು ಬಹಳ ಹೊತ್ತು ನೋಡಿದ್ದು ಒಂದನ್ನೇ: ಎಲ್ಲ ಆಯತಗಳೂ ಒಂದೇ ಅಳತೆ. ಸುಲ್ತಾನನಿಗೆ ಅಂತ ದೊಡ್ಡದು ಇಲ್ಲ.

ಅಷ್ಟರಲ್ಲಿ ಅಸರ್ ನಮಾಜಿನ ಆಜಾನ್ ಆಯಿತು. ದಿನಕ್ಕೆ ಐದು ನಮಾಜ್: ನಸುಕಿನಲ್ಲಿ ಫಜರ್, ಮಧ್ಯಾಹ್ನ ಜೊಹರ್, ಇಳಿಹೊತ್ತಿಗೆ ಅಸರ್, ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್, ರಾತ್ರಿ ಇಶಾ. ಸೂರ್ಯನ ಲೆಕ್ಕ ಆದ್ದರಿಂದ ದಿನದಿನಕ್ಕೆ ಒಂದೆರಡು ನಿಮಿಷ ಆಚೀಚೆ. ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್ ಯಾಕೆ ಒಮ್ಮೊಮ್ಮೆ ಅವನಿಗೆ ಇಕ್ಕಟ್ಟಾಗುತ್ತಿತ್ತು ಅಂತ ಆಗ ಹೊಳೆಯಿತು.

ಮೊದಲು ವುಜೂ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆಗೆ ಒದ್ದೆ ಕೈ ಸವರಿ, ಕೊನೆಗೆ ಕಾಲು. "ಇಲ್ಲೇ ಕುಂಡ್ರು, ಫೋಟೋ ಬ್ಯಾಡ" ಅಂತ ಹೇಳಿ ಅವನು ಸಾಲಿಗೆ ಸೇರಿದ. ನಾನು ಅಂಗಳದ ಅಂಚಿನಲ್ಲಿ ಕೂತೆ. ಜೋರಾಗಿ ಓದುವುದು ಕೇಳಿಸುತ್ತೆ ಅಂದುಕೊಂಡಿದ್ದೆ. ಇಲ್ಲ. ಜೊಹರ್, ಅಸರ್‌ನಲ್ಲಿ ಇಮಾಮರು ಮನಸ್ಸಿನೊಳಗೇ ಓದುತ್ತಾರಂತೆ, ಉಳಿದ ಮೂರರಲ್ಲಿ ಗಟ್ಟಿಯಾಗಿ. ಹಾಗಾಗಿ ಕೇಳಿದ್ದು ಇಮಾಮರ ಅಲ್ಲಾಹು ಅಕ್ಬರ್ ಒಂದೇ, ಮತ್ತೆ ಬಟ್ಟೆಯ ಸರಭರ, ಪಾರಿವಾಳದ ರೆಕ್ಕೆ. ಭುಜಕ್ಕೆ ಭುಜ ತಾಗಿಸಿ ನಿಂತವರು ಒಟ್ಟಿಗೇ ಬಾಗಿದರು, ಎದ್ದರು, ಒಟ್ಟಿಗೇ ಹಣೆ ನೆಲಕ್ಕಿಟ್ಟರು. ಇದೇ ಸಜ್ದಾ. ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದದ ಬೆರಳು ನೆಲ ಮುಟ್ಟಬೇಕು. ಅಂಥ ನಾಲ್ಕು ಸುತ್ತು, ಅವರ ಮಾತಲ್ಲಿ ನಾಲ್ಕು ರಕಾತ್. ಕೊನೆಗೆ ಕೂತಲ್ಲೇ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಕತ್ತು ತಿರುಗಿಸಿ ಸಲಾಂ. ಹತ್ತು ನಿಮಿಷವೂ ಆಗಲಿಲ್ಲ.

ನಡುವೆ ತಡವಾಗಿ ಒಬ್ಬ ಹುಡುಗ ಓಡಿ ಬಂದ, ಮೆಕ್ಯಾನಿಕ್ ಇರಬೇಕು, ಅಂಗಿಗೆಲ್ಲ ಗ್ರೀಸ್ ಕಲೆ. ಸಾಲಿನಲ್ಲಿ ಖಾಲಿ ಇದ್ದ ಜಾಗಕ್ಕೆ ಸೇರಿಕೊಂಡ. ಅವನ ಪಕ್ಕ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದ ಹಿರಿಯರು. ಸಾಲಿನಲ್ಲಿ ಖಾಲಿ ಬಿಡಬಾರದು ಅನ್ನುವುದು ನಿಯಮ, ಯಾರ ಪಕ್ಕ ಯಾರು ಅನ್ನುವ ನಿಯಮವಿಲ್ಲ. ಹೆಂಗಸರು ಎಲ್ಲಿ ಅಂತ ಕೇಳಿದೆ. ಹೆಚ್ಚಿನವರು ಮನೆಯಲ್ಲೇ ಮಾಡುತ್ತಾರೆ, ಕೆಲವು ಮಸೀದಿಗಳಲ್ಲಿ ಬೇರೆ ಜಾಗ ಇರುತ್ತದೆ ಅಂದ. "ಅಕ್ಕ ಇದರ ಬಗ್ಗೆ ನನ್ನ ಕೂಡ ಜಗಳಾ ಮಾಡ್ತಾಳ" ಅಂತಲೂ ಸೇರಿಸಿದ.

ಹೊರಗೆ ಚಹಾ ಕುಡಿಯುತ್ತಾ ಉಳಿದದ್ದು. ಜಕಾತ್ ಕೇಳಿದಾಗ ಫೋನ್ ತೆಗೆದು ಎಕ್ಸೆಲ್ ಶೀಟೇ ತೋರಿಸಿದ! ಚಿನ್ನ, ಬ್ಯಾಂಕ್ ಬ್ಯಾಲೆನ್ಸ್, ಫಂಡ್, ಅದರಿಂದ ಸಾಲ ಕಳೆದು, ಒಂದು ಚಾಂದ್ರಮಾನ ವರ್ಷ ಉಳಿದ ಸಂಪತ್ತಿನ ಶೇಕಡಾ 2.5 ಬಡವರಿಗೆ. ಸಂಬಳದ ಮೇಲಲ್ಲ, ಉಳಿತಾಯದ ಮೇಲೆ. ಅದಕ್ಕೊಂದು ಕನಿಷ್ಠ ಮಿತಿ ಇದೆ: ಚಿನ್ನದ ಲೆಕ್ಕದಲ್ಲಿ 87.48 ಗ್ರಾಂ, ಬೆಳ್ಳಿಯಲ್ಲಿ 612.36 ಗ್ರಾಂ. ದಾನ ಅಲ್ಲ ಇದು, ಬಾಕಿ ತೀರಿಸಿದ ಹಾಗೆ ಅಂದ. ಬಡ್ಡಿ ತಗೊಳ್ಳುವುದೂ ಕೊಡುವುದೂ ನಿಷಿದ್ಧ. ನಾವೆಲ್ಲ ಹೋಮ್ ಲೋನ್ ಬಡ್ಡಿ ದರ ಚರ್ಚಿಸುವಾಗ ಅವನೊಬ್ಬ ಸುಮ್ಮನೆ ತಟ್ಟೆ ನೋಡುತ್ತಿದ್ದದ್ದು ನೆನಪಾಯಿತು.

ರಂಜಾನ್ ಉಪವಾಸ ಎಲ್ಲರಿಗೂ ಗೊತ್ತು. ಆದರೆ ಹಿಜ್ರಿ ವರ್ಷ ಸುಮಾರು 354 ದಿನದ್ದು, ಹಾಗಾಗಿ ರಂಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಮುಂದಾಗಿ ಬಂದು ಎಲ್ಲ ಋತು ಸುತ್ತುತ್ತದೆ. ವಿಜಯಪುರದ ಮೇ ಬಿಸಿಲಲ್ಲಿ ನಸುಕಿನಿಂದ ಸೂರ್ಯ ಮುಳುಗುವವರೆಗೆ ನೀರೂ ಇಲ್ಲ ಅಂದರೆ ಯೋಚಿಸಿ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಬಸುರಿಯರಿಗೆ ವಿನಾಯಿತಿ ಇದೆ. ತಿಂಗಳು ಮುಗಿದರೆ ಈದ್, ಸುರ್ಕುಂಬಾ. ಐದನೆಯದು ಹಜ್. ಶಕ್ತಿ, ಹಣ ಇದ್ದರೆ ಜೀವಮಾನದಲ್ಲಿ ಒಮ್ಮೆ. ಅವನ ತಂದೆ ಹೆಸರು ಬರೆಸಬೇಕು ಅನ್ನುತ್ತಲೇ ಹೋಗಿಬಿಟ್ಟರು.

ಎಲ್ಲ ಮುಸ್ಲಿಮರೂ ಎಲ್ಲವನ್ನೂ ಒಂದೇ ತರ ಆಚರಿಸುವುದಿಲ್ಲ ಅಂತಲೂ ಹೇಳಿದ. ದರ್ಗಾಕ್ಕೆ ಹೋಗುವವರಿದ್ದಾರೆ, ಬೇಡ ಅನ್ನುವವರಿದ್ದಾರೆ. ಸುನ್ನಿ, ಶಿಯಾ ಇದ್ದಾರೆ. ಆದಿಲ್ ಶಾಹಿಗಳಲ್ಲೇ ರಾಜ ಬದಲಾದ ಹಾಗೆ ರಾಜ್ಯದ ಪಂಥ ಬದಲಾಗಿದೆ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರ ಹತ್ಯೆಯನ್ನು ನೆನೆಯುವ ಮೊಹರಂ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಮಾಡುವ ಹಬ್ಬ. ಅಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದಲ್ಲೇ ಇವೆ.

ಮರುದಿನ ಗೋಲಗುಂಬಜ್ ನೋಡಿದೆವು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಾಲೇಜು ಹುಡುಗರ ಕೂಗಾಟ. ಕೆಳಗೆ ಕಟ್ಟೆಯ ಮೇಲೆ ಕಾಣುವ ಸಮಾಧಿಗಳು ಗುರುತಿಗಷ್ಟೇ, ನಿಜವಾದವು ಅದರಡಿಯ ನೆಲಮಾಳಿಗೆಯಲ್ಲಿವೆ. ಗೋರಿ ಸರಳವಾಗಿರಲಿ ಅನ್ನುವ ಧರ್ಮದ ದೊರೆ ತನಗಾಗಿ 44 ಮೀಟರ್ ಅಗಲದ ಗುಮ್ಮಟ ಕಟ್ಟಿಸಿಕೊಂಡಿದ್ದು ಹೇಗೆ ಅಂತ ಕೇಳಿದೆ. "ರಾಜರ ಮಾತ ಬ್ಯಾರೆ ಬಿಡಪ್ಪ" ಅಂದ. ಗೆದ್ದ ಔರಂಗಜೇಬನ ಗೋರಿ ಖುಲ್ದಾಬಾದ್‌ನಲ್ಲಿ ಬಯಲಿನಲ್ಲಿ ಮಣ್ಣಿನದಾಗಿದೆ ಅನ್ನುವುದೂ ಅಷ್ಟೇ ವಿಚಿತ್ರ.

ಸಂಜೆ ಅವನೇ ಕರೆದ, "ಅಬ್ಬಾನ ಹಂತ್ಯಾಕ ಹೋಗಿ ಬರೂಣು." ಖಬರಸ್ಥಾನದಲ್ಲಿ ಬೇವಿನ ಮರದ ಪಕ್ಕ ಒಂದು ಮಣ್ಣಿನ ದಿಬ್ಬ. ಹೆಸರಿನ ಕಲ್ಲು ಇಲ್ಲ. ಅಂದು ಏನೇನು ಆಯಿತು ಅಂತ ಮೊದಲ ಸಲ ಹೇಳಿದ. ಸ್ನಾನ ಮಾಡಿಸಿ, ಹೊಲಿಗೆ ಇಲ್ಲದ ಮೂರು ತುಂಡು ಬಿಳಿ ಬಟ್ಟೆ ಸುತ್ತಿ, ಎಲ್ಲರೂ ಸಾಲಾಗಿ ನಿಂತು ಜನಾಜಾ ನಮಾಜ್. ಅದರಲ್ಲಿ ಬಾಗುವುದು, ಸಜ್ದಾ ಏನೂ ಇಲ್ಲ, ನಿಂತೇ ಮುಗಿಯುತ್ತದೆ. ತಲೆ ಉತ್ತರಕ್ಕೆ, ಮುಖ ಕಾಬಾದ ಕಡೆ ಬರುವಂತೆ ಬಲಮಗ್ಗುಲಿಗೆ ಮಲಗಿಸಿ, ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು. "ನೀವು ಮುಟ್ಟಿದ್ರ ನೀವೂ ಹಾಕತಿದ್ರಿ" ಅಂದ.

ಈಗ ಹಾಕಬಹುದಾ ಅಂತ ಕೇಳಿದೆ. ಮಳೆಗೆ ಒಂದು ಕಡೆ ದಿಬ್ಬ ಕುಸಿದಿತ್ತು. ಅವನು ಆ ಜಾಗ ತೋರಿಸಿದ.