ಪರದೆಯ ಸಹವಾಸ

ಮಕ್ಕಳು ವಿಡಿಯೊ ಗೇಮ್ ಆಡುವುದರ ಜೊತೆಗೆ ಬೇರೆಯವರು ಆಡುವುದನ್ನೂ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ನೋಡುತ್ತಾರೆ. ಇಂಥ ಚಾನೆಲ್ ಮಗುವಿಗೆ ತಕ್ಕದ್ದೇ ಎಂಬ ಅನುಮಾನ ಬಂದಾಗ ಹೆತ್ತವರು ಮೊದಲು ಕೇಳುವುದು ಅದು ಯಾವ ಗೇಮ್ ಎಂದು. ಮೈನ್‌ಕ್ರಾಫ್ಟ್ ಎಂದರೆ ಸಮಾಧಾನ, ಬಂದೂಕಿನ ಗೇಮ್ ಎಂದರೆ ಗಾಬರಿ. ಈ ವಿಚಾರಣೆ ಬೇಕಾದದ್ದೇ. ಆದರೆ ಅಲ್ಲಿಗೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ವಿಡಿಯೊ ನೋಡುವಷ್ಟು ಹೊತ್ತೂ ಮಗು ಒಬ್ಬ ಮನುಷ್ಯನ ಸಹವಾಸದಲ್ಲಿ ಇರುತ್ತದೆ. ಅವನ ಮಾತು, ಸಿಟ್ಟು, ನಗು, ಆಸೆ ಎಲ್ಲವೂ ಮಗುವಿನ ಕಿವಿಗೆ ಬೀಳುತ್ತಿರುತ್ತವೆ. ಚಾನೆಲ್ಲನ್ನು ಅಳೆಯಬೇಕಾದದ್ದು ಆ ಸಹವಾಸದ ಗುಣದಿಂದ.

ಅಮೆರಿಕದಲ್ಲಿ 1994ರಿಂದ ಇಎಸ್‌ಆರ್‌ಬಿ, ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ವ್ಯವಸ್ಥೆಗಳು ಗೇಮುಗಳಿಗೆ ವಯಸ್ಸಿನ ಮುದ್ರೆ ಒತ್ತುತ್ತಿವೆ. ಮೈನ್‌ಕ್ರಾಫ್ಟ್‌ಗೆ ಪೆಗಿ 7 ವರ್ಷ ಎಂದಿದೆ, ಇಎಸ್‌ಆರ್‌ಬಿ 10 ಎಂದಿದೆ. ಆಟಗಾರರು ಆನ್‌ಲೈನಿನಲ್ಲಿ ಪರಸ್ಪರ ಆಡುವ ಮಾತಿಗೆ ತನ್ನ ಮುದ್ರೆ ಅನ್ವಯಿಸುವುದಿಲ್ಲ ಎಂದು ಇಎಸ್‌ಆರ್‌ಬಿಯೇ ಎಚ್ಚರಿಸುತ್ತದೆ. ಹೀಗಿರುವಾಗ ಯಾರೋ ಆಡಿ, ತಮ್ಮ ಮಾತು ಸೇರಿಸಿ ಹಾಕಿದ ವಿಡಿಯೊಗೆ ಆ ಅಂಕಿ ಭರವಸೆಯಾಗದು. ಇಂಗ್ಲೆಂಡಿನ ಜೋಸೆಫ್ ಗ್ಯಾರೆಟ್ ‘ಸ್ಟ್ಯಾಂಪಿ’ ಎಂಬ ಹೆಸರಿನಲ್ಲಿ ಮಕ್ಕಳಿಗೆಂದೇ ಮೈನ್‌ಕ್ರಾಫ್ಟ್ ಲೋಕವೊಂದನ್ನು ವರ್ಷಗಟ್ಟಲೆ ಕಟ್ಟುತ್ತ ಹೋದರು; ಅವರ ಬಾಯಲ್ಲಿ ಬೈಗುಳ ಬರುತ್ತಿರಲಿಲ್ಲ. ಅದೇ ಮೈನ್‌ಕ್ರಾಫ್ಟನ್ನು 2019ರಲ್ಲಿ ಸ್ವೀಡನ್ನಿನ ‘ಪ್ಯೂಡಿಪೈ’ ಕೂಡ ಆಡಿ ತೋರಿಸಿದರು. ಯೆಹೂದ್ಯರನ್ನು ಹಳಿಯುವ ತಮಾಷೆಗಳ ಕಾರಣಕ್ಕೆ ಡಿಸ್ನಿಯ ಮೇಕರ್ ಸ್ಟುಡಿಯೋಸ್ 2017ರಲ್ಲಿ ಅವರ ನಂಟು ಕಡಿದುಕೊಂಡಿತ್ತು. ಗೇಮ್ ಒಂದೇ, ಸಹವಾಸ ಬೇರೆ ಬೇರೆ. ಇದರ ತಿರುವುಮುರುವೂ ನಿಜ. ‘ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್’ ಯುರೋಪಿನಲ್ಲಿ 18 ವರ್ಷದವರ ಗೇಮ್. ಅದನ್ನು ಮಾಡಿದ ಯೂಬಿಸಾಫ್ಟ್ 2018ರಲ್ಲಿ ಕಾದಾಟವನ್ನೆಲ್ಲ ತೆಗೆದು, ಪ್ರಾಚೀನ ಈಜಿಪ್ಟಿನಲ್ಲಿ ಸುತ್ತಾಡುವ ‘ಡಿಸ್ಕವರಿ ಟೂರ್’ ರೂಪಿಸಿತು. ಬಲ್ಲವರೊಬ್ಬರು ಪಿರಮಿಡ್ಡುಗಳನ್ನು ವಿವರಿಸುತ್ತ ಅದರಲ್ಲಿ ಸುತ್ತಾಡಿಸಿದರೆ ಅದು ಮಕ್ಕಳಿಗೆ ಒಳ್ಳೆಯ ಪಾಠವೇ ಆಗಬಲ್ಲದು.

ಯೂಟ್ಯೂಬಿನ ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಗುರುತನ್ನು ನಂಬಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಆ ಗುರುತು ಹುಟ್ಟಿದ್ದು ಬೇರೊಂದು ಕಾರಣಕ್ಕೆ. ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಕಲೆಹಾಕಿದ ಆರೋಪದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಿದವು. 2020ರ ಜನವರಿಯಿಂದ ವಿಡಿಯೊ ಮಕ್ಕಳಿಗಾಗಿಯೇ ಅಲ್ಲವೇ ಎಂಬುದನ್ನು ಅದನ್ನು ಹಾಕಿದವರೇ ತಿಳಿಸಬೇಕಾಯಿತು. ಹಾಗೆ ಗುರುತಾದ ವಿಡಿಯೊಗಳಲ್ಲಿ ಕಾಮೆಂಟ್ ಇರುವುದಿಲ್ಲ, ನೋಡುಗರ ಜಾಡು ಹಿಡಿದು ತೋರಿಸುವ ಜಾಹೀರಾತೂ ಇರುವುದಿಲ್ಲ. ಇದು ಮಾಹಿತಿಯ ಕಾವಲು, ಒಳ್ಳೆಯ ಕಾವಲೇ. ಮಾತಿನ ಗುಣಕ್ಕೆ ಕೊಟ್ಟ ಪ್ರಮಾಣಪತ್ರ ಮಾತ್ರ ಅಲ್ಲ.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು, ಸೋತಾಗ ಆಡಿ ತೋರಿಸುವವನ ನಡತೆ. ಗೆದ್ದಾಗ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಸೋತ ಗಳಿಗೆಯಲ್ಲಿ ಜೊತೆಗಾರನನ್ನು ಹಂಗಿಸುತ್ತಾನೋ, ಮತ್ತೆ ಪ್ರಯತ್ನಿಸೋಣ ಎನ್ನುತ್ತಾನೋ ಎಂಬುದರಲ್ಲಿ ಅವನ ಸ್ವಭಾವ ತಿಳಿಯುತ್ತದೆ. ಎರಡನೆಯದು, ಅವನು ನೋಡುಗರಿಂದ ಏನನ್ನು ಬಯಸುತ್ತಾನೆ, ದುಡ್ಡು ಸುರಿಯುವಂತೆ ಪುಸಲಾಯಿಸುತ್ತಾನೆಯೇ ಎಂಬುದು. ದುಡ್ಡು ಕೊಟ್ಟು ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆ ತೆರೆಯುವ ‘ಲೂಟ್ ಬಾಕ್ಸ್’ ಜೂಜಿಗೆ ಸಮ ಎಂದು ಬೆಲ್ಜಿಯಂ 2018ರಲ್ಲಿ ತೀರ್ಮಾನಿಸಿತು. ಫೋರ್ಟ್‌ನೈಟ್ ಆಟಗಾರರು ಬೇಡದ ಖರೀದಿ ಮಾಡುವಂತೆ ಪರದೆಯನ್ನು ರೂಪಿಸಿದ ಆರೋಪಕ್ಕಾಗಿ ಆ ಗೇಮ್ ಮಾಡಿದ ಎಪಿಕ್ ಗೇಮ್ಸ್ ಅಮೆರಿಕದಲ್ಲಿ 24.5 ಕೋಟಿ ಡಾಲರ್ ತೆರಲು 2022ರಲ್ಲಿ ಒಪ್ಪಿತು. ಹಣ ಕಟ್ಟಿ ಆಡುವ ಆನ್‌ಲೈನ್ ಗೇಮುಗಳನ್ನೂ ಅವುಗಳ ಜಾಹೀರಾತನ್ನೂ ಭಾರತ 2025ರ ಕಾಯ್ದೆಯಲ್ಲಿ ನಿಷೇಧಿಸಿತು. ಮೂರು ಕಡೆಯ ಆತಂಕವೂ ಆಟದ ನೆಪದಲ್ಲಿ ಕೆರಳಿಸುವ ದುಡ್ಡಿನ ಆಸೆಯ ಬಗ್ಗೆಯೇ. ಒಂದು ಬೈಗುಳವೂ ಇಲ್ಲದ ಚಾನೆಲ್ ದಿನವೂ ಪೆಟ್ಟಿಗೆ ತೆರೆದು ಕುಣಿದಾಡುತ್ತಿದ್ದರೆ ಅದನ್ನು ನಾನು ಮಕ್ಕಳಿಗೆ ತಕ್ಕದ್ದೆನ್ನಲಾರೆ.

ಇಷ್ಟೆಲ್ಲ ನೋಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಎಲ್ಲ ವಿಡಿಯೊ ನೋಡಬೇಕಾಗಿಲ್ಲ: ಹಳೆಯದೊಂದು, ಹೊಸದೊಂದು, ಲೈವ್‌ನ ಒಂದು ತುಣುಕು ಸಾಕು. ಲೈವ್‌ನಲ್ಲಿ ಕತ್ತರಿ ಆಡಿಸಲಾಗದ್ದರಿಂದ ಅದನ್ನು ಬಿಡಬಾರದು. ಬೈಗುಳ ಬೀದಿಯಲ್ಲೂ ಕೇಳಿಸುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೀದಿಯಲ್ಲಿ ಬೈದವನಿಗೆ ಯಾರಾದರೂ ಎದುರಾಡಿಯಾರು. ಚಾನೆಲ್ಲಿನಲ್ಲಿ ಬೈಯುವವನೇ ನಾಯಕ, ಅವನ ಮಾತಿಗೆ ಲೈಕುಗಳ ಮಳೆ. ಮಗುವಿಗೆ ತಲುಪುವುದು ಆ ಬೈಗುಳಕ್ಕಿಂತ ಅದಕ್ಕೆ ಸಿಗುವ ಮೆಚ್ಚುಗೆ. ವಯಸ್ಸಿನ ಮಾತೂ ಇದೆ. ಭಾರತದ ದತ್ತಾಂಶ ರಕ್ಷಣೆಯ 2023ರ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ, ಆದರೆ ಮನೆಯಲ್ಲಿ 8ಕ್ಕೂ 14ಕ್ಕೂ ಒಂದೇ ಕಟ್ಟು ಸಲ್ಲದು. ಎಂಟರ ಮಗುವಿಗೆ ಹಿರಿಯರು ಆರಿಸಿಕೊಡಲಿ. ಹದಿನಾಲ್ಕರವರೊಡನೆ ಕೂತು, ಇವನು ನಿನಗೇಕೆ ಇಷ್ಟ, ಸೋತಾಗ ಹೀಗಂದದ್ದು ಸರಿಯೇ ಎಂದು ಕೇಳಲಿ, ಉತ್ತರಕ್ಕೆ ಬೆಲೆ ಕೊಡಲಿ. ನಾವು ತಡೆದ ಚಾನೆಲ್ಲಿನ ಜಾಗಕ್ಕೆ ನಾಳೆ ಇನ್ನೊಂದು ಬರುತ್ತದೆ. ಸಹವಾಸವನ್ನು ತೂಗಿ ನೋಡಲು ಕಲಿತ ಮಗು ಅದನ್ನೂ ತಾನೇ ತೂಗಬಲ್ಲದು.