ಪುಂಜಾಲಕಟ್ಟೆಯಲ್ಲಿ ಇಳಿದವರು

ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿದರೆ ಬಂಟ್ವಾಳ ದಾಟಿ ವಗ್ಗದ ಬಳಿ ಕಾರಿಂಜ ಬೆಟ್ಟಕ್ಕೆ ದಾರಿ ಕವಲೊಡೆಯುತ್ತದೆ. ಆ ಬೆಟ್ಟದ ತುದಿಯಲ್ಲಿ ಈಶ್ವರ, ಕೆಳಗಿನ ಹಂತದಲ್ಲಿ ಪಾರ್ವತಿ. ದಂಪತಿಗೆ ಬೇರೆ ಬೇರೆ ಗುಡಿ. ಒಂದೇ ಸೂರಿನಡಿ ಇಲ್ಲವೆಂದು ಅವರ ಸಂಸಾರದ ಬಗ್ಗೆ ಯಾರೂ ತಕರಾರು ಎತ್ತಿದ್ದು ನಾನು ಕೇಳಿಲ್ಲ.

ಮುಂದೆ ಸಿಗುವುದೇ ಪುಂಜಾಲಕಟ್ಟೆ. ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿ ಶುರುವಾಗುವ ಅಂಚಿನ ಪೇಟೆ. ಮೂಡುಬಿದಿರೆ ಕಡೆಯವರಿಗೂ ದೂರದ್ದಲ್ಲ. ಸುತ್ತ ಅಡಿಕೆ ತೋಟ, ರಬ್ಬರು. ಶಾಲೆ, ಕಾಲೇಜು ಇವೆ. ಆದರೆ ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಹೋಗಬೇಕು, ಸುಮಾರು 45 ಕಿ.ಮೀ.

ಕಳೆದ ಮಳೆಗಾಲದಲ್ಲಿ ಆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ವಯಸ್ಸಾದ ಹೆಂಗಸರು ಕುಳಿತಿದ್ದರು. ಸೀಟು ಬಿಟ್ಟುಕೊಟ್ಟವನು ಒಬ್ಬ ಕಾಲೇಜು ಹುಡುಗ. ಒಬ್ಬರ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು, ಕೂದಲಿರಲಿಲ್ಲ. ಇನ್ನೊಬ್ಬರ ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಪಕ್ಕದ ಸಾಲಿನ ಹೆಂಗಸು ಸುಮ್ಮನಿರಲಾರದೆ ಕೇಳಿದರು:

“ಇವರು ನಿಮಗೆ ಏನಾಗಬೇಕು? ಅಕ್ಕನಾ?”

“ಅಲ್ಲ.”

“ನಾದಿನಿಯಾ?”

“ಅಲ್ಲ. ನಾವು ಒಟ್ಟಿಗೆ ಇರುವುದು. ಇಪ್ಪತ್ತೆಂಟು ವರ್ಷ ಆಯಿತು.”

“ಇಪ್ಪತ್ತೊಂಬತ್ತು” ಎಂದು ಕಾಯಿಲೆಯವರು ಕಿಟಕಿಯಿಂದ ಮುಖ ತಿರುಗಿಸದೆಯೇ ತಿದ್ದಿದರು.

ಅಲ್ಲಿಗೆ ಮಾತು ನಿಂತಿತು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯೊಂದರ ಕೌಂಟರಿನಲ್ಲಿ ನನ್ನನ್ನೂ ಅದನ್ನೇ ಕೇಳಿದ್ದರು. ಹಾಸಿಗೆಯಲ್ಲಿದ್ದವನು ನನ್ನ ಗೆಳೆಯ, ಒಂಟಿ. ವರ್ಷವಿಡೀ ಅವನನ್ನು ಕರೆದುಕೊಂಡು ಓಡಾಡಿದವನು ನಾನು. “ಸ್ನೇಹಿತ ಎಂದರೆ ಆಗುವುದಿಲ್ಲ, ಸಂಬಂಧಿಕರು ಸಹಿ ಹಾಕಬೇಕು” ಎಂದರು. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ಮುಂಬಯಿಯಿಂದ ಬರುವವರೆಗೆ ಎರಡು ದಿನ ಕಾದೆವು. ಅಣ್ಣ ಬಂದು ಸಹಿ ಹಾಕಿದ. ಯಾವ ಮಾತ್ರೆ ಯಾವಾಗ ಎಂದು ನನ್ನನ್ನೇ ಕೇಳಿದ.

ಸಂಸಾರಕ್ಕೆ ಒಂದೇ ಅಚ್ಚು ಎಂದು ತುಳುನಾಡಿನವರು ಹೇಳಿದರೆ ನನಗೆ ನಗು ಬರುತ್ತದೆ. ಇಲ್ಲಿನ ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬದವರು. ಗಂಡಸಿನ ವಾರಸುದಾರ ಹಿಂದೆಲ್ಲ ಮಗನಲ್ಲ, ಸೋದರಳಿಯನಾಗಿದ್ದ. ಹೊರಗಿನವರಿಗೆ ವಿಚಿತ್ರವೆನಿಸಿದ ಈ ಪದ್ಧತಿಗೆ 1949ರಲ್ಲಿ ಮದ್ರಾಸ್ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಿತ್ತು. ಅಂಥ ಊರಿನಲ್ಲಿ ‘ಒಟ್ಟಿಗೆ ಇರುವುದು’ ಎಂಬ ಮಾತಿಗೆ ಬಸ್ಸೇ ಮೌನವಾಗಬೇಕೆ?

ಸಾಯುವವರ ಆರೈಕೆಗೆಂದೇ ಈಗ ಇರುವ ಆಶ್ರಯಗಳ ಮೂಲ ಹುಡುಕಿದರೂ ಇಂಥದ್ದೇ ಹೆಸರಿಲ್ಲದ ಒಂದು ನಂಟು ಸಿಗುತ್ತದೆ. 1947ರ ಲಂಡನ್. ಡೇವಿಡ್ ಟಾಸ್ಮಾ ಎಂಬ ನಲವತ್ತರ ಯೆಹೂದಿ, ಪೋಲೆಂಡಿನಿಂದ ಬಂದ ಹೋಟೆಲ್ ಮಾಣಿ, ಕ್ಯಾನ್ಸರಿನಿಂದ ಸಾಯುತ್ತಿದ್ದ. ತನ್ನವರೆನ್ನಲು ಊರಲ್ಲಿ ಯಾರೂ ಇಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸಿಸಿಲಿ ಸಾಂಡರ್ಸ್ ಮತ್ತೆ ಮತ್ತೆ ಅವನ ಹಾಸಿಗೆ ಬಳಿ ಕುಳಿತಳು. ಇಬ್ಬರಲ್ಲೂ ಪ್ರೀತಿ ಮೂಡಿತು. 1948ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಅವಳು ಕಟ್ಟಲಿರುವ ಮನೆಗೆ ತಾನೊಂದು ಕಿಟಕಿಯಾಗುತ್ತೇನೆಂದು 500 ಪೌಂಡ್ ಬಿಟ್ಟುಹೋದ. ಅವಳು ಓದಿ ವೈದ್ಯೆಯಾಗಿ ಆ ಮನೆ, ಅಂದರೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಬಾಗಿಲು ತೆರೆಯಲು 1967 ಆಯಿತು. ಮುಂದೆ ಪೋಲಿಷ್ ಚಿತ್ರಕಾರನೊಬ್ಬನೊಡನೆ, ಗೆಳೆಯರೂ ಇದ್ದ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದು 1980ರಲ್ಲಿ, ತನ್ನ ಅರವತ್ತು ದಾಟಿದ ಮೇಲೆ, ಅವನನ್ನು ಮದುವೆಯಾದಳು. 1995ರಲ್ಲಿ ಅವನೂ 2005ರಲ್ಲಿ ಅವಳೂ ಕಣ್ಣು ಮುಚ್ಚಿದ್ದು ಅದೇ ಆಶ್ರಯದಲ್ಲಿ. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿರುವ ಕರುಣಾಶ್ರಯವೂ ಈ ಬಳ್ಳಿಯ ಕುಡಿಯೇ.

ಆ ಇಬ್ಬರಿಗೆ ನಾನು ಹೇಳಬೇಕೆಂದಿದ್ದದ್ದು ಒಂದಿತ್ತು. ನಾಳೆ ಬಾಯಿ ಕಟ್ಟಿದರೆ ತನಗೆ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ವಯಸ್ಕರು ಮೊದಲೇ ಬರೆದಿಡಬಹುದು. ಇದಕ್ಕೆ ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಒಪ್ಪಿಗೆ ಕೊಟ್ಟಿತು. 2023ರಲ್ಲಿ ನಿಯಮ ಸಡಿಲಿಸಿತು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಸಾಕು. ಹತ್ತಿರದ ಬಂಧು ಎಂಬುದರ ಜೊತೆಗೆ ಪಾಲಕ ಎಂಬ ಪದವೂ ಅದರಲ್ಲಿದೆ. ನಮ್ಮ ರಾಜ್ಯ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿಯಲ್ಲಿ. ಒಂದೇ ಲಿಂಗದವರ ಮದುವೆಗೆ 2023ರಲ್ಲಿ ಕೋರ್ಟು ಮನ್ನಣೆ ಕೊಡಲಿಲ್ಲ ನಿಜ. ಆದರೂ ಅಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು ಎಂದು ಕೇಂದ್ರ ಸರಕಾರ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹತ್ತಿರದ ಸಂಬಂಧಿಕರಿಲ್ಲದಾಗ ಸಂಗಾತಿ ಶವ ಪಡೆಯಲು ಅವಕಾಶವಿರಲೆಂದು ರಾಜ್ಯಗಳಿಗೂ ಬರೆಯಿತು. ಅವರು ಜೋಡಿಯೋ, ಗೆಳತಿಯರೋ ನನಗೇನು ಗೊತ್ತು? ಕಾಗದ ಮಾತ್ರ ಇಬ್ಬರಿಗೂ ಬೇಕು. ಆದರೆ ಬಸ್ಸಿನಲ್ಲಿ, ಅಪರಿಚಿತರ ಹತ್ತಿರ, ಸಾವಿನ ಕಾಗದದ ಮಾತು ಎತ್ತುವುದು ಹೇಗೆ? ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪುಂಜಾಲಕಟ್ಟೆ ಬಂತು. ಜೋರು ಮಳೆ. ಆ ಕಾಲೇಜು ಹುಡುಗ ಚೀಲ ಇಳಿಸಿಕೊಟ್ಟ. ಲಕೋಟೆಯವರು ಮೊದಲು ಇಳಿದು, ಅದನ್ನು ಸೆರಗಿನೊಳಗೆ ಸೇರಿಸಿ, ಕೈ ಚಾಚಿದರು. ಕಂಡಕ್ಟರ್ “ರೈಟ್” ಹೇಳಲು ಅವಸರ ಮಾಡಲಿಲ್ಲ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಇದ್ದದ್ದು ಒಂದೇ ಕೊಡೆ. ಹಿಡಿದಿದ್ದವರು ಕಾಯಿಲೆಯವರು.