ಚೆಂಡೆ, ಉಸಿರು ಮತ್ತು ಒಂದು ನಾಬ್

ಕಂಪ್ರೆಸರ್ ಅಂದ ಕೂಡಲೇ ನಮ್ಮೂರಿನವರಿಗೆ ನೆನಪಾಗುವುದು ಫ್ರಿಜ್ಜು, ಇಲ್ಲದಿದ್ದರೆ ಪಂಕ್ಚರ್ ಅಂಗಡಿ. ಹಾಡಿಗೂ ಒಂದು ಕಂಪ್ರೆಸರ್ ಉಂಟು ಅಂದ್ರೆ "ಗಾಳಿ ತುಂಬಿಸ್ಲಿಕ್ಕಾ ಮಾರಾಯ್ರೆ?" ಅಂತ ಕೇಳ್ತಾರೆ. ಅದರ ಕೆಲಸ ನಿಮ್ಮ ಮನೆಯಲ್ಲೇ ನಡೆಯುವಂಥದ್ದು. ಸೀರಿಯಲ್ ನಡುವೆ ಜಾಹೀರಾತು ಬೊಬ್ಬೆ ಹೊಡೆದಾಗ ಅಮ್ಮ ರಿಮೋಟ್ ಹಿಡಿದು ವಾಲ್ಯೂಮ್ ಇಳಿಸ್ತಾರಲ್ಲ, ಪಿಸುಮಾತು ಬಂದಾಗ ಏರಿಸ್ತಾರಲ್ಲ, ಅಷ್ಟೇ. ಅಮ್ಮನಿಗೆ ಒಂದೆರಡು ಸೆಕೆಂಡ್ ಬೇಕು, ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಲಿಮಿಟರ್ ಅದರ ಕಟ್ಟುನಿಟ್ಟಿನ ಅಣ್ಣ. ಗೆರೆ ದಾಟಲಿಕ್ಕೆ ಬಿಡುವುದೇ ಇಲ್ಲ.

ಮಣಿಪಾಲದ ನನ್ನ ಬಾಡಿಗೆ ಕೋಣೆಯಲ್ಲಿ ಇರುವುದು ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್, ಗೋಡೆಗೆ ಒರಗಿಸಿದ ಹಾಸಿಗೆ. ಆದರೆ ಪರದೆಯ ಮೇಲೆ 1960ರ ದಶಕದ ಅಮೆರಿಕದ ಯಂತ್ರಗಳು ಪ್ಲಗಿನ್ ರೂಪದಲ್ಲಿ ಕೂತಿವೆ. ನನಗೆ ಇಷ್ಟದ್ದು ಎಲ್‌ಎ-2ಎ. ಅದಕ್ಕೆ ಮುಖ್ಯವಾಗಿ ಎರಡೇ ನಾಬ್. ಮೂಲ ಯಂತ್ರದ ಹೊಟ್ಟೆಯಲ್ಲಿ ಬೆಳಕು ಕೊಡುವ ಒಂದು ಫಲಕ, ಅದರೆದುರು ಬೆಳಕಿಗೆ ಸ್ಪಂದಿಸುವ ಒಂದು ಬಿಡಿಭಾಗ. ಸ್ವರ ಜೋರಾದರೆ ಬೆಳಕು ಹೆಚ್ಚುತ್ತದೆ, ಬೆಳಕು ಹೆಚ್ಚಿದರೆ ಸ್ವರ ತಗ್ಗುತ್ತದೆ. ಹಿಡಿಯಲಿಕ್ಕೆ ಸುಮಾರು 10 ಮಿಲಿಸೆಕೆಂಡ್ ಸಾಕು, ಪೂರ್ತಿ ಬಿಡಲಿಕ್ಕೆ ಕೆಲವೊಮ್ಮೆ ಹಲವು ಸೆಕೆಂಡ್. ಹೆಚ್ಚು ಹೊತ್ತು ಗಟ್ಟಿ ಸ್ವರ ಕೇಳಿದ್ದರೆ ಅಷ್ಟೇ ನಿಧಾನವಾಗಿ ಮರೆಯುತ್ತದೆ. ಮನುಷ್ಯರ ಹಾಗೆ.

ಇನ್ನೊಂದು, ಬಿಲ್ ಪಟ್ನಮ್ 1967ರಲ್ಲಿ ತಂದ 1176. ಇದು ಸಿಡುಕ. ಸೆಕೆಂಡಿನ ಲಕ್ಷದಲ್ಲಿ ಎರಡು ಪಾಲಿನಷ್ಟು ಹೊತ್ತಿನಲ್ಲಿ ಹಿಡಿಯಬಲ್ಲದು. ಹಾಡುವವರ ಸ್ವರಕ್ಕೆ ಮೊದಲು 1176ರಿಂದ ಚೂಪು ತುದಿಗಳನ್ನು ಕತ್ತರಿಸಿ, ಮತ್ತೆ ಎಲ್‌ಎ-2ಎಯಿಂದ ಸಮ ಮಾಡುವುದು ಲೋಕದ ಸ್ಟುಡಿಯೋಗಳಲ್ಲೆಲ್ಲ ಹಳೆಯ ಕ್ರಮ.

ಆ ಲೋಕದಲ್ಲಿ ಚೆಂಡೆ ಇರಲಿಲ್ಲ ನೋಡಿ!

ಹೋದ ಮಳೆಗಾಲ ಕಾರ್ಕಳದಲ್ಲಿ ಒಬ್ಬರು ಹಿರಿಯ ಭಾಗವತರ ಪದ್ಯಗಳನ್ನು ಧ್ವನಿಮುದ್ರಿಸಿದೆ. ಮೇಳದ ತಿರುಗಾಟ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಸ್ವರ ಪೂರ್ತಿ ಹೋಗುವ ಮೊದಲು ಒಮ್ಮೆ ಹಿಡಿದಿಡಬೇಕು ಅಂತ ಕಾಪುವಿನಲ್ಲಿರುವ ಮಗಳ ಆಸೆ. ಚೆಂಡೆಯವರನ್ನು ಚಾವಡಿಯಲ್ಲಿ ಕೂರಿಸಿದೆವು, ಭಾಗವತರನ್ನು, ಮದ್ದಳೆಯನ್ನು ಒಳಗೆ. ಆದರೂ ತೆಂಕಿನ ಚೆಂಡೆ ಗೋಡೆಯನ್ನು ಕೇಳ್ತದಾ? ಭಾಗವತರ ಮೈಕಿಗೂ ನುಗ್ಗಿತು. ಇಡೀ ಮುದ್ರಣದ ಮೇಲೆ ಕಂಪ್ರೆಸರ್ ಹಾಕಿದರೆ ಪ್ರತಿ ಪೆಟ್ಟಿಗೂ ಪದ್ಯ ಮುಳುಗಿ ಏಳುತ್ತದೆ, ಕಾಪು ಕಡಲಿನಲ್ಲಿ ದೋಣಿಯ ಹಾಗೆ. ಹಾಗಾಗಿ ಚೆಂಡೆಯ ಮೈಕಿಗೇ ಬೇರೆ ಲಿಮಿಟರ್, ಸ್ವರಕ್ಕೆ ಬೇರೆ ಎಲ್‌ಎ-2ಎ.

ಯುದ್ಧದ ಪದ್ಯಗಳು ಸರಿಹೋದವು. ಕಷ್ಟ ಬಂದದ್ದು ಕರುಣರಸದಲ್ಲಿ. ಅಲ್ಲಿ ಚೆಂಡೆ ಸುಮ್ಮನಿರುತ್ತದೆ, ಮದ್ದಳೆ ಮಾತ್ರ. ಸಣ್ಣ ಸ್ವರವನ್ನು ಮೇಲೆತ್ತಿದರೆ ಅದರ ಜೊತೆಗಿದ್ದದ್ದೆಲ್ಲ ಮೇಲೆ ಬರುತ್ತದೆ: ಶ್ರುತಿಪೆಟ್ಟಿಗೆ, ಹೊರಗಿನ ಮಳೆ, ಮುಖ್ಯವಾಗಿ ಭಾಗವತರ ಉಸಿರು. ಎಪ್ಪತ್ತು ದಾಟಿದ ಎದೆಯ ಉಸಿರು, ಸಾಲಿಗೆ ಎರಡು ಸಲ, ತಿದಿ ಒತ್ತಿದ ಹಾಗೆ.

ಮಗಳು ಕೇಳಿ ಅಂದರು, "ಉಸಿರು ತೆಗ್ದು ಜೋರು ಮಾಡಿ ಕೊಡಿ. ಫೋನಿನಲ್ಲಿ ಕೇಳ್ಬೇಕಲ್ಲ. ಅಪ್ಪನಿಗೆ ಉಬ್ಬಸ ಅಂತ ಜನ ಹೇಳುದು ಬೇಡ." ಅವರ ಮಾತಿನಲ್ಲಿ ಇದ್ದದ್ದು ಹೆಮ್ಮೆಯಲ್ಲ, ಭಯ. ಹಾಡುವವರ ಮುಪ್ಪನ್ನು ಊರು ಹೇಗೆ ಆಡಿಕೊಳ್ಳುತ್ತದೆ ಅಂತ ಮನೆಯವರಿಗೆ ಗೊತ್ತಿರುತ್ತದೆ.

ಉಸಿರು ತೆಗೆಯುವುದು ಅರ್ಧ ಗಂಟೆಯ ಕೆಲಸ. ನಾನು ಎರಡು ಪ್ರತಿ ಮಾಡಿ, ಎರಡನ್ನೂ ಭಾಗವತರಿಗೇ ಕೇಳಿಸಿದೆ. ಉಸಿರಿಲ್ಲದ್ದನ್ನು ಕೇಳಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ನಿಂತಿತು.

"ಇದು ಯಾರು ಮಗಾ?" ಅಂದರು. ಮತ್ತೆ, "ಪದ್ಯದಲ್ಲಿ ಎಲ್ಲಿ ಉಸಿರು ತೆಗೊಳ್ಬೇಕು ಅಂತ ಕಲೀಲಿಕ್ಕೆ ನನಗೆ ಹತ್ತು ತಿರುಗಾಟ ಬೇಕಾಯ್ತು. ಅದನ್ನು ತೆಗ್ದ್ರೆ ಮುಂದೆ ಕಲಿಯುವವ ಎಂತ ಕಲೀತಾನೆ?"

ಮಗಳು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪ ಹೇಳಿದ ಹಾಗೆ ಮಾಡಿ" ಅಂದರು.

ಹಾಗೇ ಮಾಡಿದೆ. ಮುಳ್ಳು ಮೂರು ಡೆಸಿಬೆಲ್‌ಗಿಂತ ಹೆಚ್ಚು ಅಲುಗದ ಹಾಗೆ ನಾಬ್ ಇಳಿಸಿದೆ. ಉಸಿರು ಇದೆ, ಇದ್ದಷ್ಟೇ ಇದೆ. ಪ್ಲಗಿನ್ ಬಳಸುವ ಹುಡುಗರಿಗೆ ನನ್ನದೊಂದು ಮಾತು: ಹಾಕಿದ್ದನ್ನೂ ಹಾಕದ್ದನ್ನೂ ಒಂದೇ ಗಟ್ಟಿತನಕ್ಕೆ ತಂದು ಹೋಲಿಸಿ. ಇಲ್ಲದಿದ್ದರೆ ಜೋರಾಗಿರುವುದೇ ಚಂದ ಅಂತ ಕಿವಿ ಮೋಸ ಹೋಗುತ್ತದೆ. ಹಿಸುಕಿ ಹಿಸುಕಿ ಜೋರು ಮಾಡಿದರೂ ಯೂಟ್ಯೂಬ್ ಅದನ್ನು ತನ್ನ ಮಟ್ಟಕ್ಕೆ ಇಳಿಸಿಯೇ ಇಳಿಸುತ್ತದೆ. ಉಳಿಯುವುದು ಹಿಸುಕಿದ ಗುರುತು ಮಾತ್ರ.

ಇನ್ನು ಪದ್ಯ ಫೋನಿನಲ್ಲಿ ಸ್ವಲ್ಪ ಸಣ್ಣ ಕೇಳ್ತದೆ ಅನ್ನುವವರಿಗೆ, ವಾಲ್ಯೂಮ್ ಏರಿಸುವ ಬಟನ್ ಫೋನಿನ ಬದಿಯಲ್ಲೇ ಉಂಟು.